ಇನ್ನೊಂದು ಭೂಮಿಯನ್ನು ಹುಡುಕುವುದು ಹೇಗೆ? ಎಲೈಟ್ ಡೇಂಜರಸ್‌ನಲ್ಲಿ ನಕ್ಷತ್ರ ಓದುವ ಬಗೆ

ಎಲೈಟ್ ಡೇಂಜರಸ್ ಅನ್ನುವ ವಿಡಿಯೋ ಆಟದಲ್ಲಿ ನಿಮ್ಮ ಬಾಹ್ಯಾಕಾಶ ಹಡಗು ಹೊಸ ನಕ್ಷತ್ರದ ಮುಂದೆ ಬಂದು ನಿಲ್ಲುತ್ತದೆ. ಸ್ಕ್ಯಾನರ್ ಬಟನ್ ಒತ್ತಿ ಹಿಡಿಯುತ್ತೀರಿ. ಕೆಲವು ಸೆಕೆಂಡುಗಳಲ್ಲಿ ದೊಡ್ಡ ಹಾರನ್ ಹೊಡೆದಂಥ ಸದ್ದು ಕೇಳುತ್ತದೆ. ಆಟಗಾರರು ಇದನ್ನು ಹಾಂಕ್ ಅಂತಲೇ ಕರೆಯುತ್ತಾರೆ. ಆ ನಕ್ಷತ್ರದ ಸುತ್ತ ಎಷ್ಟು ಗ್ರಹ, ಉಪಗ್ರಹಗಳಿವೆ ಅನ್ನುವ ಲೆಕ್ಕ ಪರದೆಯ ಮೇಲೆ ಬರುತ್ತದೆ. ಬಹುಪಾಲು ಸಲ ಅಲ್ಲಿರುವುದು ಬರೀ ಕಲ್ಲು, ಮಂಜು, ಅನಿಲ. ಮುಂದಿನ ನಕ್ಷತ್ರಕ್ಕೆ ಜಂಪ್. ಮತ್ತೆ ಅದೇ. ಹೀಗೆ ಗಂಟೆಗಟ್ಟಲೆ ಸಾಗಿದ ಮೇಲೆ ಯಾವತ್ತೋ ಒಮ್ಮೆ ಕತ್ತಲಲ್ಲಿ ನೀಲಿ, ಹಸಿರು, ಬಿಳಿ ಸೇರಿದ ಒಂದು ಗೋಲ ಕಾಣುತ್ತದೆ. ಮೋಡಗಳಿವೆ. ಕಡಲಿದೆ. ನೆಲವಿದೆ. ಇದುವರೆಗೆ ಯಾರೂ ನೋಡಿರದ ಇನ್ನೊಂದು ಭೂಮಿ.

ಎಲೈಟ್ ಡೇಂಜರಸ್ ಆಟದಲ್ಲಿ ಇಂಥ ಗ್ರಹಕ್ಕೆ ಅರ್ಥ್-ಲೈಕ್ ವರ್ಲ್ಡ್ ಅಂತ ಹೆಸರು. ಹುಡುಕುವವರ ಬಾಯಲ್ಲಿ ಅದು ಇಎಲ್‌ಡಬ್ಲ್ಯೂ. ಇದು ಸಿಗುವುದು ಪೂರ್ತಿ ಅದೃಷ್ಟದ ಮಾತು ಅಂತ ಹೊಸಬರು ಅಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅದೃಷ್ಟದ ಪಾಲು ಇದೆ, ನಿಜ. ಆದರೆ ಒಂದು ನಕ್ಷತ್ರವನ್ನು ನೋಡಿ ಇದರ ಸುತ್ತ ಭೂಮಿಯಂಥದ್ದು ಇರಬಹುದೇ, ಇದ್ದರೆ ಎಷ್ಟು ದೂರದಲ್ಲಿ ಇರಬಹುದು ಅಂತ ಅಂದಾಜು ಮಾಡಲು ಬರುತ್ತದೆ. ಅದಕ್ಕೆ ಬೇಕಾದ ತಿಳಿವಳಿಕೆ ಹೆಚ್ಚಿನಂಶ ನಿಜವಾದ ಖಗೋಳ ವಿಜ್ಞಾನವೇ. ಈ ಬೇಟೆ ನನಗೆ ಇಷ್ಟು ಇಷ್ಟವಾಗಲು ಅದೇ ಕಾರಣ.

ಮೊದಲು ಹುಡುಕುವ ಜಾಗದ ಅಳತೆ ಗೊತ್ತಿರಬೇಕು. 1984ರಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಲೈಟ್ ಅನ್ನುವ ಆಟ ಬರೆದರು. ಆ ಕಾಲದ ಪುಟ್ಟ ಕಂಪ್ಯೂಟರಿನಲ್ಲಿ ಅವರು ಎಂಟು ಗ್ಯಾಲಕ್ಸಿಗಳನ್ನು ಹಿಡಿಸಿದ್ದರು. ಗ್ರಹಗಳ ಪಟ್ಟಿಯನ್ನು ಕೂಡಿಡುವ ಬದಲು, ಬೇಕಾದಾಗ ಸೂತ್ರದಿಂದ ಲೆಕ್ಕ ಹಾಕಿ ತೋರಿಸುವ ಉಪಾಯ ಅದು. 2014ರ ಡಿಸೆಂಬರ್‌ನಲ್ಲಿ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಕಂಪನಿ ಹೊರತಂದ ಎಲೈಟ್ ಡೇಂಜರಸ್ ಇದೇ ಉಪಾಯವನ್ನು ಊಹೆಗೂ ಮೀರಿ ಬೆಳೆಸಿತು. ನಮ್ಮ ಆಕಾಶಗಂಗೆಯನ್ನು ನಿಜವಾದ ಅಳತೆಯಲ್ಲೇ ಕಟ್ಟಿತು. ಸುಮಾರು 40,000 ಕೋಟಿ ನಕ್ಷತ್ರ ಮಂಡಲಗಳು! ಹತ್ತು ವರ್ಷಕ್ಕೂ ಜಾಸ್ತಿ ಕಾಲ ಲಕ್ಷಾಂತರ ಜನ ಆಡಿದ್ದಾರೆ. ಇಷ್ಟಾದರೂ ಯಾರಾದರೂ ಹೋಗಿ ನೋಡಿರುವ ಭಾಗ ಶೇ 1ಕ್ಕಿಂತ ತುಂಬಾ ಕಡಿಮೆ.

ಈ ಗ್ಯಾಲಕ್ಸಿಯನ್ನು ಕಟ್ಟುವ ವ್ಯವಸ್ಥೆಯ ಹೆಸರು ಸ್ಟೆಲ್ಲಾರ್ ಫೋರ್ಜ್. ನಕ್ಷತ್ರಗಳ ಕುಲುಮೆ ಅಂದುಕೊಳ್ಳಿ. ಖಗೋಳ ವಿಜ್ಞಾನಿಗಳ ಪಟ್ಟಿಗಳಲ್ಲಿ ಇರುವ ನಿಜವಾದ ನಕ್ಷತ್ರಗಳನ್ನು ಅವುಗಳ ನಿಜವಾದ ಜಾಗದಲ್ಲೇ ಇಡಲಾಗಿದೆ. ಉಳಿದದ್ದನ್ನು ಕುಲುಮೆ ಲೆಕ್ಕ ಹಾಕಿ ಹುಟ್ಟಿಸುತ್ತದೆ. ಒಂದು ಜಾಗದಲ್ಲಿ ಎಷ್ಟು ದ್ರವ್ಯ ಇದೆ, ಅದರಲ್ಲಿ ಏನೇನು ಸೇರಿದೆ, ಅದು ಎಷ್ಟು ಹಳೆಯದು ಅನ್ನುವುದರಿಂದ ಲೆಕ್ಕ ಶುರು. ಅದರಿಂದ ನಕ್ಷತ್ರ. ನಕ್ಷತ್ರದಿಂದ ಮಿಕ್ಕಿದ್ದರಿಂದ ಗ್ರಹಗಳು. ಗ್ರಹದ ತೂಕ ಮತ್ತು ದೂರದಿಂದ ಅದರ ಬಿಸಿ, ಗಾಳಿ, ನೀರು. ಅಂದರೆ ಭೂಮಿಯಂಥ ಗ್ರಹಗಳನ್ನು ಯಾರೋ ಕೂತು ಅಲ್ಲಲ್ಲಿ ಬಚ್ಚಿಟ್ಟಿಲ್ಲ. ಲೆಕ್ಕದಲ್ಲಿ ಎಲ್ಲವೂ ಹದವಾಗಿ ಕೂಡಿಬಂದ ಕಡೆ ಅವು ತಾವಾಗಿಯೇ ಹುಟ್ಟಿವೆ. ಆದ್ದರಿಂದ ಹುಡುಕುವವರ ಕೆಲಸ ಆ ಹದ ಎಲ್ಲಿ ಬರುತ್ತದೆ ಅಂತ ತಿಳಿದುಕೊಳ್ಳುವುದು.

ಮೊದಲನೆಯ ಹದ ಬಿಸಿಯದ್ದು. ಒಲೆಯಿಂದ ಎರಡು ಪಟ್ಟು ದೂರ ಹೋದರೆ ಮೈಗೆ ತಾಗುವ ಕಾವು ಅರ್ಧವಾಗುವುದಿಲ್ಲ, ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೆಳಕು ಎಲ್ಲ ದಿಕ್ಕಿಗೂ ಹರಡಿಕೊಳ್ಳುವುದರಿಂದ ಹೀಗೆ. ಇದನ್ನು ತಿರುಗಿಸಿ ನೋಡಿ. ಸೂರ್ಯನಿಗಿಂತ ನಾಲ್ಕು ಪಟ್ಟು ಹೊಳೆಯುವ ನಕ್ಷತ್ರವಾದರೆ, ಭೂಮಿಗೆ ಸಿಗುವಷ್ಟೇ ಕಾವು ಸಿಗಲು ಗ್ರಹ ಎರಡು ಪಟ್ಟು ದೂರ ಇರಬೇಕು. ಹೊಳಪಿನ ವರ್ಗಮೂಲವೇ ದೂರ. ಇಷ್ಟು ನೆನಪಿದ್ದರೆ ಸಾಕು.

ಆಟದಲ್ಲಿ ದೂರವನ್ನು ಬೆಳಕಿನ ಸೆಕೆಂಡುಗಳಲ್ಲಿ ತೋರಿಸುತ್ತಾರೆ. ಸೂರ್ಯನಿಂದ ಭೂಮಿಗೆ ಬೆಳಕು ಬರಲು ಸುಮಾರು 499 ಸೆಕೆಂಡು ಬೇಕು. ಹಾಗಾಗಿ ಸೂರ್ಯನಂಥ ನಕ್ಷತ್ರ ಸಿಕ್ಕರೆ ಕಣ್ಣು ಹಾಯಿಸಬೇಕಾದ್ದು 500 ಬೆಳಕಿನ ಸೆಕೆಂಡಿನ ಆಸುಪಾಸು. ಸಿರಿಯಸ್, ಅಂದರೆ ನಮ್ಮ ಲುಬ್ಧಕ, ಸೂರ್ಯನ ಸುಮಾರು 25 ಪಟ್ಟು ಹೊಳೆಯುತ್ತದೆ. ಅಂಥದರ ಸುತ್ತ ಸುಮಾರು 2,500 ಬೆಳಕಿನ ಸೆಕೆಂಡು ದೂರದಲ್ಲಿ ನೋಡಬೇಕು. ನಮ್ಮಲ್ಲಿ ಹೆಚ್ಚೂ ಕಡಿಮೆ ಗುರು ಗ್ರಹ ಇರುವಷ್ಟು ದೂರ ಅದು. ಸೂರ್ಯನ ನೂರನೇ ಒಂದು ಭಾಗ ಮಾತ್ರ ಹೊಳೆಯುವ ಕೆಂಪು ಕುಬ್ಜವಾದರೆ 50 ಬೆಳಕಿನ ಸೆಕೆಂಡು, ನಕ್ಷತ್ರದ ಮಗ್ಗುಲಲ್ಲೇ. ನಿಜ ಆಕಾಶದಲ್ಲಿರುವ ಟ್ರಾಪಿಸ್ಟ್-1 ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 40 ಜ್ಯೋತಿರ್ವರ್ಷ ದೂರದ ಈ ಮಂಕು ನಕ್ಷತ್ರಕ್ಕೆ ಏಳು ಗ್ರಹಗಳಿವೆ ಅಂತ 2017ರ ಫೆಬ್ರುವರಿಯಲ್ಲಿ ಗೊತ್ತಾಯಿತು. ಆ ಏಳೂ ಗ್ರಹಗಳ ಕಕ್ಷೆಯನ್ನು ಒಟ್ಟಿಗೆ ತಂದಿಟ್ಟರೂ ಬುಧನ ಕಕ್ಷೆಯ ಒಳಗೇ ಹಿಡಿಸುತ್ತವೆ. ಆಟದ ಗ್ಯಾಲಕ್ಸಿಗೂ ಇದನ್ನು ಆಮೇಲೆ ಸೇರಿಸಿದರು.

ನಕ್ಷತ್ರಗಳನ್ನು ಬಿಸಿಯಿಂದ ತಂಪಿನ ಕಡೆಗೆ ಓ, ಬಿ, ಎ, ಎಫ್, ಜಿ, ಕೆ, ಎಂ ಅಂತ ವಿಂಗಡಿಸುತ್ತಾರೆ. ನಮ್ಮ ಸೂರ್ಯ ಜಿ. ಭೂಮಿ ಹುಡುಕುವವರಿಗೆ ಬೇಕಾದ್ದು ನಡುವಿನವು: ಎಫ್, ಜಿ, ಕೆ. ಕಾರಣ ಸರಳ. ಓ ಮತ್ತು ಬಿ ಬಹಳ ತೂಕದವು, ಆದರೆ ಬಹಳ ಬೇಗ ಸುಟ್ಟು ಮುಗಿಯುತ್ತವೆ. ಸೂರ್ಯನ ಆಯಸ್ಸು ಸುಮಾರು 1,000 ಕೋಟಿ ವರ್ಷ. ಸಿರಿಯಸ್‌ನಂಥ ಎ ನಕ್ಷತ್ರಕ್ಕೆ ಸಿಗುವುದು ಸುಮಾರು 100 ಕೋಟಿ ವರ್ಷ. ಓ ನಕ್ಷತ್ರಕ್ಕೆ ಕೆಲವು ದಶಲಕ್ಷ ವರ್ಷಗಳಷ್ಟೇ. ಗ್ರಹ ತಣ್ಣಗಾಗಿ, ಕಡಲು ತುಂಬಿ, ಜೀವ ಹುಟ್ಟಲು ಅಷ್ಟು ಹೊತ್ತು ಎಲ್ಲಿ ಸಾಲುತ್ತದೆ?

ಇನ್ನೊಂದು ತುದಿಯಲ್ಲಿ ಎಂ. ಆಕಾಶಗಂಗೆಯ ನಾಲ್ಕರಲ್ಲಿ ಮೂರು ನಕ್ಷತ್ರಗಳು ಈ ಕೆಂಪು ಕುಬ್ಜಗಳೇ. ಇವುಗಳ ಆಯಸ್ಸಿಗೆ ಕೊನೆಯೇ ಇಲ್ಲ ಅನ್ನುವಷ್ಟು ಉದ್ದ. ಆದರೆ ಹದವಾದ ಬಿಸಿ ಸಿಗುವ ಪಟ್ಟಿ ಇಲ್ಲಿ ತೀರಾ ಕಿರಿದು, ತೀರಾ ಹತ್ತಿರ. ಅಷ್ಟು ಹತ್ತಿರ ಸುತ್ತುವ ಗ್ರಹದ ಒಂದೇ ಮುಖ ಯಾವಾಗಲೂ ನಕ್ಷತ್ರದ ಕಡೆಗೆ ತಿರುಗಿ ನಿಂತುಬಿಡುತ್ತದೆ, ಚಂದ್ರ ನಮಗೆ ಒಂದೇ ಮುಖ ತೋರಿಸುವ ಹಾಗೆ. ಆಟದಲ್ಲಿ ಎಂ ನಕ್ಷತ್ರದ ಸುತ್ತಲೂ ಇಎಲ್‌ಡಬ್ಲ್ಯೂ ಸಿಕ್ಕಿದ್ದುಂಟು. ಆದರೆ ಅದನ್ನೇ ನಂಬಿಕೊಂಡು ಹೊರಟರೆ ತಾಳ್ಮೆ ಬೇಗ ಕರಗುತ್ತದೆ. ಗ್ಯಾಲಕ್ಸಿ ನಕ್ಷೆಯಲ್ಲಿ ದಾರಿ ಹಾಕುವಾಗ ನಕ್ಷತ್ರದ ಬಗೆ ಆರಿಸುವ ಫಿಲ್ಟರ್ ಇದೆ. ಎಫ್, ಜಿ, ಕೆ ಮೂರನ್ನೇ ಆರಿಸಿ, ಬೇಕಾದರೆ ಎ ಸೇರಿಸಿ. ಇಂಧನ ತುಂಬಿಕೊಳ್ಳಲೂ ಇವೇ ನಕ್ಷತ್ರಗಳು ಆಗುತ್ತವೆ.

ಸರಿ, ನಕ್ಷತ್ರ ಒಳ್ಳೆಯದು, ದೂರವೂ ಸರಿ. ಅಷ್ಟಾದರೆ ಭೂಮಿ ಸಿಕ್ಕೀತೇ? ಹೆಚ್ಚಿನ ಸಲ ಸಿಗುವುದಿಲ್ಲ. ಯಾಕೆ ಅಂತ ತಿಳಿಯಲು ದೂರ ಹೋಗಬೇಕಿಲ್ಲ, ಪಕ್ಕದ ಮನೆಯ ಶುಕ್ರನನ್ನು ನೋಡಿದರೆ ಸಾಕು. ಗಾತ್ರದಲ್ಲಿ ಭೂಮಿಯ ಅವಳಿ. ಆದರೆ ನೆಲದ ಮೇಲೆ ಸುಮಾರು 460 ಡಿಗ್ರಿ ಸೆಲ್ಸಿಯಸ್ ಬಿಸಿ, ಭೂಮಿಯ 90 ಪಟ್ಟಿಗೂ ಹೆಚ್ಚು ಗಾಳಿಯ ಒತ್ತಡ. ಇಂಗಾಲದ ಡೈಆಕ್ಸೈಡ್ ಕಂಬಳಿ ಹೊದ್ದು ಕೂತ ಗ್ರಹ ಅದು. ಇನ್ನೊಂದು ಪಕ್ಕದಲ್ಲಿ ಮಂಗಳ. ತೂಕ ಭೂಮಿಯ ಹತ್ತನೇ ಒಂದು ಭಾಗ. ಗಾಳಿಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಸಾಲದೆ ಹೆಚ್ಚಿನದನ್ನು ಕಳೆದುಕೊಂಡಿದೆ. ಈಗ ಅಲ್ಲಿನ ಒತ್ತಡ ನಮ್ಮದರ ನೂರನೇ ಒಂದು ಭಾಗವೂ ಇಲ್ಲ.

ಗಾಳಿಯ ಈ ಕಂಬಳಿ ಭೂಮಿಗೂ ಬೇಕೇ ಬೇಕು. ಅದು ಇಲ್ಲದಿದ್ದರೆ ನಮ್ಮ ಸರಾಸರಿ ಬಿಸಿ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಈಗಿರುವುದು ಸುಮಾರು 15 ಡಿಗ್ರಿ. ನಡುವಿನ 33 ಡಿಗ್ರಿ ನಮ್ಮ ವಾತಾವರಣ ಕೊಟ್ಟದ್ದು. ಕಂಬಳಿ ತೆಳುವಾದರೆ ಕಡಲು ಹೆಪ್ಪುಗಟ್ಟುತ್ತದೆ, ದಪ್ಪವಾದರೆ ಆವಿಯಾಗುತ್ತದೆ. ಗ್ರಹದ ತೂಕದ್ದೂ ಇದೇ ಕಥೆ. ಹಗುರವಾದರೆ ಗಾಳಿ ನಿಲ್ಲುವುದಿಲ್ಲ. ತೀರಾ ಭಾರವಾದರೆ ಹೈಡ್ರೋಜನ್, ಹೀಲಿಯಂ ಕೂಡ ಅಂಟಿಕೊಂಡು ಅದು ಅನಿಲದ ಗುಡ್ಡೆಯಾಗುತ್ತದೆ. ಆಟದಲ್ಲಿ ಸರಿಯಾದ ದೂರದಲ್ಲಿ ಸಿಗುವ ಗ್ರಹಗಳಲ್ಲಿ ಬಹುಪಾಲು ಶುಕ್ರನಂಥ ಲೋಹ ಜಾಸ್ತಿ ಇರುವ ಬಿಸಿ ಗೋಲಗಳೇ. ಅವನ್ನು ನೋಡಿ ನೋಡಿ ಸಾಕಾದ ಮೇಲೆ ಭೂಮಿ ಅನ್ನುವುದು ಎಷ್ಟು ಸಣ್ಣ ಹದದ ಮೇಲೆ ನಿಂತಿದೆ ಅಂತ ಮನಸ್ಸಿಗೆ ಇಳಿಯುತ್ತದೆ. ಓದಿ ತಿಳಿದಾಗ ನನಗೆ ಇದು ಇಷ್ಟು ನಾಟಿರಲಿಲ್ಲ.

ಇಎಲ್‌ಡಬ್ಲ್ಯೂ ಬಗ್ಗೆ ಆಟದಲ್ಲೇ ಬರುವ ವಿವರಣೆಯಲ್ಲಿ ಒಂದು ಮಾತಿದೆ. ಮನುಷ್ಯ ಉಸಿರಾಡಬಲ್ಲ ಗಾಳಿ, ಅಲ್ಲಿಯದೇ ಜೀವ, ಆ ಜೀವದಿಂದಾಗಿ ರಾಸಾಯನಿಕ ಸಮತೋಲನದಿಂದ ದೂರ ಉಳಿದ ವಾತಾವರಣ ಅನ್ನುವ ಅರ್ಥದ ಮಾತು. ಸುಮ್ನೆ ಓದಿಕೊಂಡು ಮುಂದೆ ಹೋಗುವವರೇ ಜಾಸ್ತಿ. ನನಗೆ ಇಡೀ ಆಟದಲ್ಲಿ ಅತಿ ಒಳ್ಳೆಯ ಸಾಲು ಅದು.

ಆಮ್ಲಜನಕ ಸುಮ್ಮನೆ ಕೂರುವ ಅನಿಲ ಅಲ್ಲ. ಕಬ್ಬಿಣ ಸಿಕ್ಕರೆ ತುಕ್ಕು ಹಿಡಿಸುತ್ತದೆ, ಮೀಥೇನ್ ಸಿಕ್ಕರೆ ಅದರೊಡನೆ ಸೇರಿ ಇಬ್ಬರೂ ಇಲ್ಲವಾಗುತ್ತಾರೆ. ಯಾರೂ ಹೊಸದಾಗಿ ತುಂಬಿಸದಿದ್ದರೆ ಗ್ರಹದ ಗಾಳಿಯಿಂದ ಅದು ಖಾಲಿಯಾಗಿ ಹೋಗುತ್ತದೆ. ನಮ್ಮಲ್ಲಿ ಗಿಡಗಳು, ಕಡಲಿನ ಸೂಕ್ಷ್ಮಜೀವಿಗಳು ದಿನವೂ ತುಂಬಿಸುತ್ತಿವೆ. ಅದಕ್ಕೇ ಗಾಳಿಯಲ್ಲಿ ಶೇ 21ರಷ್ಟು ಆಮ್ಲಜನಕ ನಿಂತಿದೆ. ಒಂದು ಗ್ರಹದ ಗಾಳಿಯಲ್ಲಿ ಒಟ್ಟಿಗೆ ಇರಬಾರದ ಅನಿಲಗಳು ಒಟ್ಟಿಗೆ ಇದ್ದರೆ ಅಲ್ಲಿ ಜೀವ ಇರಬಹುದು ಅನ್ನುವ ವಿಚಾರವನ್ನು 1960ರ ದಶಕದಲ್ಲಿ ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ಮುಂದಿಟ್ಟರು. 1990ರ ಡಿಸೆಂಬರ್‌ನಲ್ಲಿ ಗುರುವಿನ ಕಡೆಗೆ ಹೊರಟಿದ್ದ ಗೆಲಿಲಿಯೋ ನೌಕೆ ವೇಗ ಪಡೆಯಲು ಭೂಮಿಯ ಪಕ್ಕದಲ್ಲೇ ಹಾದುಹೋಯಿತು. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮತ್ತು ಸಂಗಡಿಗರು ಆಗ ಅದರ ಉಪಕರಣಗಳನ್ನು ಭೂಮಿಯ ಕಡೆಗೇ ತಿರುಗಿಸಿ ಪರೀಕ್ಷೆ ಮಾಡಿದರು. ನಮಗೆ ಏನೂ ಗೊತ್ತಿಲ್ಲ ಅಂದುಕೊಂಡು ನೋಡಿದರೆ ಇಲ್ಲಿ ಜೀವ ಇದೆ ಅಂತ ಹೇಳಲು ಆಗುತ್ತದೆಯೇ? ಅವರಿಗೆ ಹೇರಳ ಆಮ್ಲಜನಕದ ಜೊತೆಗೆ ಮೀಥೇನ್ ಕೂಡ ಕಂಡಿತು. 1993ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಮನುಷ್ಯರು ದೂರದಿಂದ ಸ್ಕ್ಯಾನ್ ಮಾಡಿದ ಮೊದಲ ಇಎಲ್‌ಡಬ್ಲ್ಯೂ ನಮ್ಮ ಭೂಮಿಯೇ ಅನ್ನಬಹುದು, ಅಲ್ವಾ?

ಇಲ್ಲಿ ವಯಸ್ಸಿನ ಮಾತೂ ಬರುತ್ತದೆ. ಭೂಮಿಗೆ ಸುಮಾರು 454 ಕೋಟಿ ವರ್ಷ. ಗಾಳಿಯಲ್ಲಿ ಆಮ್ಲಜನಕ ನಿಲ್ಲಲು ಶುರುವಾದದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ನಾವು ಉಸಿರಾಡಬಲ್ಲಷ್ಟು ಸೇರಿದ್ದು ಅದಾಗಿ ಇನ್ನೂ ಎಷ್ಟೋ ಕಾಲದ ಮೇಲೆ. ಅಂದರೆ ಯಾರಾದರೂ 300 ಕೋಟಿ ವರ್ಷಗಳ ಹಿಂದೆ ನಮ್ಮ ಸೂರ್ಯನ ಬಳಿ ಬಂದು ಹಾಂಕ್ ಮಾಡಿದ್ದರೆ ಅವರಿಗೆ ಕಡಲಿದ್ದ ಒಂದು ಗ್ರಹ ಸಿಗುತ್ತಿತ್ತು, ಇಎಲ್‌ಡಬ್ಲ್ಯೂ ಅಲ್ಲ. ಭೂಮಿ ತನ್ನ ಆಯಸ್ಸಿನ ಹೆಚ್ಚಿನ ಭಾಗ ಭೂಮಿಯಂತೆ ಇರಲೇ ಇಲ್ಲ.

ಈಗ ಬೇಟೆಯ ಕೈಕೆಲಸಕ್ಕೆ ಬರೋಣ. ಆಟದ ನಕ್ಷತ್ರಗಳ ಹೆಸರನ್ನು ಮೊದಲ ಸಲ ನೋಡಿದವರಿಗೆ ಅರ್ಥವಿಲ್ಲದ ಅಕ್ಷರಗಳ ರಾಶಿ ಅನಿಸುತ್ತದೆ. ಉದಾಹರಣೆಗೆ, ಆಟಗಾರರು ಬಬಲ್‌ನಿಂದ 22,000 ಜ್ಯೋತಿರ್ವರ್ಷ ಆಚೆ ನೆಲೆ ಮಾಡಿಕೊಂಡ ಕೊಲೋನಿಯಾಗೆ ಮೊದಲಿದ್ದ ಹೆಸರು ಇಯೋಲ್ ಪ್ರೌ ಆರ್‌ಎಸ್-ಟಿ ಡಿ3-94. ಬಬಲ್ ಅಂದರೆ ಸೂರ್ಯನ ಸುತ್ತ ಮನುಷ್ಯರು ನೆಲೆಸಿರುವ ಪ್ರದೇಶ. ಆ ಹೆಸರು ನಿಜಕ್ಕೂ ಒಂದು ವಿಳಾಸ. ಇಯೋಲ್ ಪ್ರೌ ಅನ್ನುವುದು 1,280 ಜ್ಯೋತಿರ್ವರ್ಷ ಅಗಲದ ಒಂದು ದೊಡ್ಡ ಪೆಟ್ಟಿಗೆ. ಅದರೊಳಗೆ ಸಣ್ಣ ಪೆಟ್ಟಿಗೆಗಳು. ಆರ್‌ಎಸ್-ಟಿ ಮತ್ತು 3 ಸೇರಿ ಯಾವ ಸಣ್ಣ ಪೆಟ್ಟಿಗೆ ಅಂತ ಹೇಳುತ್ತವೆ. ಕೊನೆಯ 94 ಆ ಪೆಟ್ಟಿಗೆಯೊಳಗಿನ ಕ್ರಮಸಂಖ್ಯೆ.

ಹುಡುಕುವವರಿಗೆ ಬಂಗಾರದಂಥ ಅಕ್ಷರ ನಡುವಿನ ಡಿ. ಇದನ್ನು ಮಾಸ್ ಕೋಡ್ ಅನ್ನುತ್ತಾರೆ. ಎ ಇಂದ ಎಚ್ ತನಕ ಎಂಟು ಇವೆ. ಆ ಮಂಡಲ ಹುಟ್ಟುವಾಗ ಕುಲುಮೆ ಅದಕ್ಕೆ ಎಷ್ಟು ದ್ರವ್ಯ ಕೊಟ್ಟಿತು ಅನ್ನುವ ಸುಳಿವು ಇದು. ನಕ್ಷತ್ರದ ಬಗೆ ಹೇಳುವ ಎ, ಬಿಗಳಿಗೂ ಇದಕ್ಕೂ ಸಂಬಂಧವಿಲ್ಲ, ಗೊಂದಲ ಬೇಡ. ಮಾಸ್ ಕೋಡ್ ಎ ಮತ್ತು ಬಿ ಅಂದರೆ ಕಂದು ಕುಬ್ಜ, ಕೆಂಪು ಕುಬ್ಜಗಳಂಥ ಹಗುರ ಮಂಡಲಗಳು. ಎಫ್, ಜಿ, ಎಚ್ ಅಂದರೆ ದೈತ್ಯ ನಕ್ಷತ್ರಗಳು, ಕಪ್ಪುಕುಳಿಗಳು. ಆಕಾಶಗಂಗೆಯ ನಡುವಿನ ಸ್ಯಾಜಿಟೇರಿಯಸ್ ಎ-ಸ್ಟಾರ್ ಅನ್ನುವ ಮಹಾ ಕಪ್ಪುಕುಳಿ ಇರುವುದು ಆ ತುದಿಯಲ್ಲಿ. ಡಿ ನಡುವಿನದು. ಸೂರ್ಯನಂಥ ನಕ್ಷತ್ರಗಳು, ಅವಕ್ಕಿಂತ ಸ್ವಲ್ಪ ಬಿಸಿಯಾದವು ಇಲ್ಲೇ ಗುಂಪಾಗಿ ಸಿಗುತ್ತವೆ. ಡಿ ಪೆಟ್ಟಿಗೆ 80 ಜ್ಯೋತಿರ್ವರ್ಷ ಅಗಲ. ಒಂದು ಪೆಟ್ಟಿಗೆಯನ್ನು ಆರಿಸಿಕೊಂಡು, ಕ್ರಮಸಂಖ್ಯೆ ಸೊನ್ನೆಯಿಂದ ಕೊನೆಯ ತನಕ ಒಂದೊಂದೇ ಹೆಸರನ್ನು ನಕ್ಷೆಯಲ್ಲಿ ಟೈಪ್ ಮಾಡಿ ಎಲ್ಲವನ್ನೂ ನೋಡಿ ಮುಗಿಸುವವರಿದ್ದಾರೆ. ಗದ್ದೆಯನ್ನು ಸಾಲು ಸಾಲಾಗಿ ಉಳುವ ಹಾಗೆ. ನಿಧಾನದ ಕೆಲಸ, ಆದರೆ ಕಣ್ಣುಮುಚ್ಚಿ ಜಂಪ್ ಮಾಡುತ್ತಾ ಹೋಗುವುದಕ್ಕಿಂತ ಇದರಲ್ಲಿ ಇಎಲ್‌ಡಬ್ಲ್ಯೂ ಬೇಗ ಸಿಗುತ್ತದೆ ಅನ್ನುವುದು ನನ್ನ ಅನುಭವ.

ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಎಲ್ಲರೂ ಹೋಗುವ ದಾರಿ ಬಿಡಿ. ಆಕಾಶಗಂಗೆಯ ನಡುವಿಗೆ ಹೋಗುವ ನೇರ ದಾರಿ ಮತ್ತು ನ್ಯೂಟ್ರಾನ್ ನಕ್ಷತ್ರಗಳನ್ನು (ಸಿಡಿದು ಸತ್ತ ದೊಡ್ಡ ನಕ್ಷತ್ರಗಳ ತಿರುಳು) ಹಿಡಿದು ಹಾರುವ ಹೆದ್ದಾರಿಗಳಲ್ಲಿ ಮೊದಲು ಕಂಡವರಾಗಿ ಬೇರೆಯವರ ಹೆಸರುಗಳೇ ತುಂಬಿವೆ. ನ್ಯೂಟ್ರಾನ್ ನಕ್ಷತ್ರದಿಂದ ಚಿಮ್ಮುವ ಧಾರೆಯ, ಅಂದರೆ ಜೆಟ್‌ನ, ಒಳಗೆ ಹಾದರೆ ಮುಂದಿನ ಜಂಪ್ ನಾಲ್ಕು ಪಟ್ಟು ಉದ್ದವಾಗುತ್ತದೆ, ಹಾಗಾಗಿ ಅವಸರದವರೆಲ್ಲ ಅದೇ ದಾರಿ ಹಿಡಿಯುತ್ತಾರೆ. 2019ರ ಜನವರಿಯಲ್ಲಿ ಹೊರಟ ಡಿಸ್ಟೆಂಟ್ ವರ್ಲ್ಡ್ಸ್ 2 ಅನ್ನುವ ಆಟಗಾರರ ಮಹಾಯಾತ್ರೆಗೆ 10,000ಕ್ಕೂ ಹೆಚ್ಚು ಜನ ಹೆಸರು ಕೊಟ್ಟಿದ್ದರು. ಸೂರ್ಯನಿಂದ 65,000 ಜ್ಯೋತಿರ್ವರ್ಷಕ್ಕೂ ಆಚೆ ಇರುವ ಬೀಗಲ್ ಪಾಯಿಂಟ್ ತನಕ ಆ ಯಾತ್ರೆ. ಅಷ್ಟು ಜನ ಹೋದ ದಾರಿಯಿಂದಲೂ ಪಕ್ಕಕ್ಕೆ ಕೆಲವು ನೂರು ಜ್ಯೋತಿರ್ವರ್ಷ ಸರಿದರೆ ಯಾರೂ ಮುಟ್ಟಿರದ ನಕ್ಷತ್ರಗಳು ಸಿಗುತ್ತವೆ. ತುದಿ ಮುಟ್ಟುವ ಹಟ ಬೇಕಿಲ್ಲ.

ಹಾಂಕ್ ಮಾಡಿದ ಮೇಲೆ ಏನು? ವೇಗವನ್ನು ಸೊನ್ನೆಗೆ ಇಳಿಸಿ ಎಫ್‌ಎಸ್‌ಎಸ್ ತೆರೆಯಬೇಕು. 2018ರ ಡಿಸೆಂಬರ್ ಅಪ್‌ಡೇಟ್‌ನಲ್ಲಿ ಬಂದ ಸ್ಕ್ಯಾನರ್ ಇದು. ಹಳೆಯ ರೇಡಿಯೋದಲ್ಲಿ ಮುಳ್ಳು ತಿರುಗಿಸಿ ಸ್ಟೇಷನ್ ಹಿಡಿಯುವ ಹಾಗೆಯೇ ಇದೂ. ಪರದೆಯ ಕೆಳಗಿನ ಪಟ್ಟಿಯಲ್ಲಿ ಮಂಡಲದ ಎಲ್ಲ ಗ್ರಹಗಳ ಸಂಕೇತಗಳು ಗೀಟುಗಳಾಗಿ ಕಾಣುತ್ತವೆ. ಕಲ್ಲಿನ ಗ್ರಹಕ್ಕೆ ಒಂದು ಜಾಗ, ಅನಿಲ ದೈತ್ಯಕ್ಕೆ ಇನ್ನೊಂದು, ಭೂಮಿಯಂಥದ್ದಕ್ಕೆ ಮತ್ತೊಂದು. ಸ್ವಲ್ಪ ರೂಢಿಯಾದರೆ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದಾಗಲೇ ನಮಗೆ ಬೇಕಾದ ಜಾಗದಲ್ಲಿ ಗೀಟು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇಲ್ಲವಾದರೆ ಮುಂದಿನ ಜಂಪ್. ಇದ್ದರೆ ಮುಳ್ಳನ್ನು ಅಲ್ಲಿಗೆ ತಂದು, ಆಕಾಶದಲ್ಲಿ ಹೊಳೆಯುವ ಗುರುತನ್ನು ಹಿಡಿದು ಜೂಮ್ ಮಾಡುವುದು. ಇದಕ್ಕೆ ಮುಂಚೆ ಒಂದೊಂದು ಗ್ರಹದ ಹತ್ತಿರವೂ ಹಾರಿಕೊಂಡು ಹೋಗಬೇಕಿತ್ತು. ಎರಡನೆಯ ನಕ್ಷತ್ರ ಲಕ್ಷಗಟ್ಟಲೆ ಬೆಳಕಿನ ಸೆಕೆಂಡು ದೂರ ಇದ್ದರೆ ಅಲ್ಲಿಗೆ ಹೋಗಿ ಬರುವ ತಾಳ್ಮೆ ಎಲ್ಲರಿಗೂ ಇರುತ್ತಿರಲಿಲ್ಲ. ಹಾಗಾಗಿ ಆ ಕಾಲದವರು ಹಾದುಹೋದ ಮಂಡಲಗಳಲ್ಲೂ ದೂರದ ಜೊತೆ ನಕ್ಷತ್ರದ ಸುತ್ತ ಒಂದು ಭೂಮಿ ಹಾಗೇ ಉಳಿದಿರಬಹುದು. ಯಾರದೋ ಹೆಸರು ಕಂಡ ಕೂಡಲೇ ಜಂಪ್ ಮಾಡಬೇಡಿ, ಪಟ್ಟಿಯನ್ನು ಒಮ್ಮೆ ನೋಡಿ.

ಮೋಸ ಮಾಡುವ ಗ್ರಹಗಳೂ ಇವೆ. ನೀರಿನ ಗ್ರಹ ದೂರದಿಂದ ಥೇಟ್ ಭೂಮಿಯೇ. ನೀಲಿ, ಮೋಡ, ಕೆಲವೊಮ್ಮೆ ನೆಲದ ತುಂಡುಗಳೂ ಕಾಣುತ್ತವೆ. ಆದರೆ ಗಾಳಿ ಉಸಿರಾಡುವಂಥದ್ದಲ್ಲ. ಅಮೋನಿಯಾ ಗ್ರಹದಲ್ಲಿ ನೀರಿನ ಬದಲು ಅಮೋನಿಯಾ ಆಧರಿಸಿದ ಜೀವ. ಅದೂ ಅಪರೂಪ, ನೋಡಲು ಕಂದು ಹಳದಿ. ಇವುಗಳ ಜೊತೆಗೆ ಮನುಷ್ಯರು ಕೈಹಾಕಿ ಭೂಮಿಯಂತೆ ಮಾಡಬಹುದಾದ ಗ್ರಹಗಳಿವೆ. ಅವನ್ನೂ ಬಿಡಬೇಡಿ, ಅವುಗಳ ಮಾಹಿತಿಗೂ ಒಳ್ಳೆಯ ಕ್ರೆಡಿಟ್, ಅಂದರೆ ಆಟದ ಹಣ, ಸಿಗುತ್ತದೆ. ಆಟದ ಕಥೆ ನಡೆಯುವುದು ನಮ್ಮ ಕಾಲದಿಂದ 1,286 ವರ್ಷ ಮುಂದೆ. ಅಷ್ಟು ಹೊತ್ತಿಗೆ ನಮ್ಮ ಮಂಗಳವನ್ನೇ ಹೀಗೆ ಮಾರ್ಪಡಿಸಿ ಮುಗಿಸಿರುತ್ತಾರೆ. ಅಂದ ಹಾಗೆ, ಅಸಲಿ ಭೂಮಿಯನ್ನು ನೋಡಲು ಸೂರ್ಯ ಮಂಡಲಕ್ಕೆ ಹೋಗಬೇಕಾದರೆ ಪರ್ಮಿಟ್ ಬೇಕು. ಆಟದ ದೊಡ್ಡ ಶಕ್ತಿಗಳಲ್ಲಿ ಒಂದಾದ ಫೆಡರೇಶನ್‌ನ ನೌಕಾಪಡೆಯಲ್ಲಿ ಕೆಲಸ ಮಾಡಿ ದರ್ಜೆ ಗಳಿಸಿದವರಿಗೆ ಮಾತ್ರ ಅದು ಸಿಗುತ್ತದೆ. ಬೇರೆ ಬಹುಪಾಲು ಭೂಮಿಗಳ ಬಾಗಿಲು ತೆರೆದೇ ಇದೆ.

ನಿಯಮಗಳನ್ನೆಲ್ಲ ಹೇಳಿ ಆಯಿತು. ಈಗ ನಿಯಮಕ್ಕೆ ಸಿಗದವು. ಅನಿಲ ದೈತ್ಯನನ್ನು ಸುತ್ತುವ ಉಪಗ್ರಹವಾಗಿ ಭೂಮಿ ಸಿಗುತ್ತದೆ. ಒಂದನ್ನೊಂದು ಸುತ್ತುವ ಜೋಡಿ ಭೂಮಿಗಳು ಸಿಕ್ಕಿವೆ. ಉಂಗುರವಿರುವ ಭೂಮಿಗಳೂ ಸಿಕ್ಕಿವೆ, ಆದರೆ ಅವು ಅಪರೂಪದಲ್ಲಿ ಅಪರೂಪ. ನ್ಯೂಟ್ರಾನ್ ನಕ್ಷತ್ರದ ಸುತ್ತ, ಕಪ್ಪುಕುಳಿಯ ಸುತ್ತ ಕೂಡ ಇವೆ. ನಕ್ಷತ್ರ ಸಿಡಿದು ಸತ್ತ ಮೇಲೆ ಅದರ ಪಕ್ಕದಲ್ಲಿ ಕಡಲು, ಕಾಡು ಉಳಿದಿರುವುದು ನಿಜ ಪ್ರಪಂಚದಲ್ಲಿ ನಂಬುವ ಮಾತಲ್ಲ. ಕುಲುಮೆಯ ಲೆಕ್ಕ ಇಲ್ಲಿ ವಿಜ್ಞಾನದಿಂದ ಸ್ವಲ್ಪ ಜಾರಿದೆ ಅಂತಲೇ ನನ್ನ ಅಭಿಪ್ರಾಯ. ಆದರೂ ಒಂದು ಸಂಗತಿ ನೆನಪಿಡಬೇಕು. ಸೌರಮಂಡಲದ ಆಚೆ ಮೊದಲು ದೃಢಪಟ್ಟ ಗ್ರಹಗಳು ಸಿಕ್ಕಿದ್ದು 1992ರಲ್ಲಿ, ಅದೂ ಒಂದು ಪಲ್ಸಾರ್‌ನ ಸುತ್ತ. ಪಲ್ಸಾರ್ ಅಂದರೆ ಗಿರಗಿರ ತಿರುಗುವ ನ್ಯೂಟ್ರಾನ್ ನಕ್ಷತ್ರವೇ. ಅಲೆಕ್ಸಾಂಡರ್ ವೋಲ್ಶ್ಚಾನ್ ಮತ್ತು ಡೇಲ್ ಫ್ರೇಲ್ ಅದನ್ನು ಪ್ರಕಟಿಸಿದರು. ಸೂರ್ಯನಂಥ ನಕ್ಷತ್ರದ ಸುತ್ತ ಗ್ರಹ ಸಿಗಲು 1995ರ ತನಕ ಕಾಯಬೇಕಾಯಿತು.

ನಿಜ ಪ್ರಪಂಚದ ಹುಡುಕಾಟ ಎಷ್ಟು ಕಷ್ಟದ್ದು ಅಂತ ತಿಳಿದರೆ ಆ ಹಾಂಕ್ ಬಟನ್ ಬೆಲೆ ಗೊತ್ತಾಗುತ್ತದೆ. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ಸುಮಾರು ಒಂದೂವರೆ ಲಕ್ಷ ನಕ್ಷತ್ರಗಳನ್ನು ನಾಲ್ಕು ವರ್ಷ ಎವೆಯಿಕ್ಕದೆ ನೋಡಿತು. ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದಾಗ ಬೆಳಕು ಚೂರು ಮಂಕಾಗುತ್ತದೆ, ಅದನ್ನು ಹಿಡಿಯುವುದೇ ಅದರ ಕೆಲಸ. ಭೂಮಿಯಷ್ಟು ದೊಡ್ಡ ಗ್ರಹ ಸೂರ್ಯನಂಥ ನಕ್ಷತ್ರದ ಮುಂದೆ ಹಾದರೆ ಮಂಕಾಗುವುದು 10,000ದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅದೂ ವರ್ಷಕ್ಕೆ ಒಂದೇ ಸಲ, ಕೆಲವು ಗಂಟೆ ಮಾತ್ರ. ಜೊತೆಗೆ ಗ್ರಹದ ಕಕ್ಷೆ ನಮ್ಮ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಇರಬೇಕು. ಭೂಮಿಯಂಥ 200 ಗ್ರಹಗಳಿದ್ದರೆ ಅಂಥದ್ದು ಒಂದು ಇದ್ದೀತು. ಇಷ್ಟೆಲ್ಲ ಅಡ್ಡಿ ದಾಟಿ ಕೆಪ್ಲರ್ 2,600ಕ್ಕೂ ಹೆಚ್ಚು ಗ್ರಹಗಳನ್ನು ಹುಡುಕಿಕೊಟ್ಟು 2018ರಲ್ಲಿ ನಿವೃತ್ತಿಯಾಯಿತು. ಅವುಗಳಲ್ಲಿ ಭೂಮಿಯ ಗಾತ್ರದವು ಇವೆ, ಹದವಾದ ದೂರದಲ್ಲಿರುವವೂ ಇವೆ. ಆದರೆ ಉಸಿರಾಡಬಲ್ಲ ಗಾಳಿ ಇದೆ ಅಂತ ಯಾವ ಗ್ರಹದ ಬಗ್ಗೆಯೂ ಇನ್ನೂ ಯಾರೂ ಹೇಳಿಲ್ಲ. ನಿಜವಾದ ಪಟ್ಟಿಯಲ್ಲಿ ಇವತ್ತಿಗೂ ಇರುವುದು ಒಂದೇ ಇಎಲ್‌ಡಬ್ಲ್ಯೂ.

ಆಟದಲ್ಲಿ ಒಂದು ಸಿಕ್ಕಿದ ಮೇಲೆ ಅದರ ಹತ್ತಿರ ಹಾರಿ ಹೋಗಿ ಪ್ರೋಬ್‌ಗಳನ್ನು, ಅಂದರೆ ನಕ್ಷೆ ಮಾಡುವ ಪುಟ್ಟ ಶೋಧಕಗಳನ್ನು, ಬಿಡಬೇಕು. ಗ್ರಹದ ಸೆಳೆತ ಅವನ್ನು ಬಾಗಿಸಿಕೊಂಡು ಹಿಂಬದಿಗೂ ಒಯ್ಯುತ್ತದೆ. ಕಡಿಮೆ ಪ್ರೋಬ್‌ಗಳಲ್ಲಿ ಪೂರ್ತಿ ನಕ್ಷೆ ಮಾಡಿದರೆ ಹೆಚ್ಚಿನ ಕ್ರೆಡಿಟ್ ಬರುತ್ತದೆ. ಆದರೆ ಮೊದಲು ಕಂಡವರು ಅಂತ ನಿಮ್ಮ ಹೆಸರು ಗ್ರಹದ ಮೇಲೆ ಬೀಳುವುದು ಆ ಹೊತ್ತಿಗಲ್ಲ. ಆ ಮಾಹಿತಿಯನ್ನು ತಂದು ಯೂನಿವರ್ಸಲ್ ಕಾರ್ಟೋಗ್ರಾಫಿಕ್ಸ್ ಕಚೇರಿಯಲ್ಲಿ ಮಾರಿದ ಮೇಲೆಯೇ. ಅಷ್ಟರಲ್ಲಿ ಬೇರೆ ಯಾರಾದರೂ ಅದನ್ನೇ ಮಾರಿದರೆ ಹೆಸರು ಅವರದು. ದಾರಿಯಲ್ಲಿ ಹಡಗು ಒಡೆದರೆ ವಾರಗಟ್ಟಲೆ ಕೂಡಿಸಿದ್ದೆಲ್ಲ ಅಲ್ಲಿಗೆ ಮುಗಿಯಿತು. ಹಾಗಾಗಿ ಒಳ್ಳೆಯದೊಂದು ಸಿಕ್ಕ ಮೇಲೆ ನ್ಯೂಟ್ರಾನ್ ಜೆಟ್‌ಗೆ ಹೋಗಬೇಡಿ. ಸೆಳೆತ ಜಾಸ್ತಿ ಇರುವ ಗ್ರಹಗಳಲ್ಲಿ ಇಳಿಯಬೇಡಿ. ನಿದ್ದೆ ಬರುವಾಗ ಇಂಧನ ತುಂಬಲು ನಕ್ಷತ್ರಕ್ಕೆ ಹತ್ತಿರ ಹೋಗಬೇಡಿ. ದೂರದಲ್ಲಿ ಬೀಡುಬಿಟ್ಟ ಕೆಲವು ಫ್ಲೀಟ್ ಕ್ಯಾರಿಯರ್‌ಗಳಲ್ಲೂ, ಅಂದರೆ ಆಟಗಾರರ ದೊಡ್ಡ ತಾಯಿ ಹಡಗುಗಳಲ್ಲೂ, ಈ ಕಚೇರಿ ಇರುತ್ತದೆ. ಹತ್ತಿರದಲ್ಲಿದ್ದರೆ ಅಲ್ಲೇ ಮಾರಿಬಿಡುವುದು ಜಾಣತನ.

ಒಂದು ಮಾತು ಹೇಳದೆ ಬಿಟ್ಟಿದ್ದೆ. ಇಷ್ಟೆಲ್ಲ ಹುಡುಕಿ ಹಿಡಿದ ಆ ಭೂಮಿಯ ಮೇಲೆ ನೀವು ಇಳಿಯಲು ಆಗುವುದಿಲ್ಲ. 2015ರ ಕೊನೆಯಲ್ಲಿ ಗಾಳಿಯೇ ಇಲ್ಲದ ಗ್ರಹಗಳಲ್ಲಿ ಇಳಿಯಲು ಬಂತು. 2021ರ ಮೇ ತಿಂಗಳಲ್ಲಿ ಒಡಿಸ್ಸಿ ಅನ್ನುವ ಆಟದ ವಿಸ್ತರಣೆ ಬಂದ ಮೇಲೆ ತೆಳು ಗಾಳಿಯ ಗ್ರಹಗಳಲ್ಲಿ ಕಾಲಿಟ್ಟು ನಡೆಯಬಹುದು. ದಟ್ಟ ಗಾಳಿಯ ಗ್ರಹಗಳಿಗೆ ಇನ್ನೂ ಆ ಅವಕಾಶ ಇಲ್ಲ. ಕಕ್ಷೆಯಲ್ಲಿ ನಿಂತು ನೋಡುವುದಷ್ಟೇ. ಹೊಸಬರಿಗೆ ಇದು ನಿರಾಸೆ ತರುತ್ತದೆ. ನನಗೂ ಮೊದಮೊದಲು ಹಾಗೇ ಆಗಿತ್ತು. ಈಗ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ನಕ್ಷೆ ಮುಗಿದ ಮೇಲೆ ಹಡಗನ್ನು ಗ್ರಹದ ರಾತ್ರಿಯ ಬದಿಗೆ ತರುತ್ತೇನೆ. ಬಬಲ್ ಒಳಗಿನ ಭೂಮಿಗಳಲ್ಲಿ ಈ ಬದಿಯಲ್ಲಿ ಊರುಗಳ ದೀಪ ಹೊಳೆಯುತ್ತವೆ. ಇಲ್ಲಿ ಒಂದೂ ಇರುವುದಿಲ್ಲ. ಪೂರ್ತಿ ಕತ್ತಲು. ಅಂಚಿನಲ್ಲಿ ಮಾತ್ರ ಗಾಳಿಯ ತೆಳು ನೀಲಿ ಗೆರೆ. ಹಡಗು ನಿಧಾನಕ್ಕೆ ಸುತ್ತುತ್ತಾ ಬಂದ ಹಾಗೆ ಆ ಗೆರೆ ಬೆಳ್ಳಗಾಗುತ್ತದೆ. ಮೋಡಗಳ ಮೇಲೆ ಬೆಳಕು ಬೀಳುತ್ತದೆ. ಆ ಕಡಲಿನ ಮೇಲೆ ಬೆಳಗಾಗುವುದನ್ನು ನಾನು ಪೂರ್ತಿ ನೋಡುತ್ತೇನೆ. ಆಮೇಲೆ ಮುಂದಿನ ನಕ್ಷತ್ರಕ್ಕೆ ದಾರಿ ಹಾಕುತ್ತೇನೆ.